ಹೊಕ್ಕಳಬಳ್ಳಿಗೆ ಗಿರಾಕಿ ಬಂದಾಗ

ಕೂಸು ಹುಟ್ಟಿದ ಮೇಲೆ, ಹೊಕ್ಕಳಬಳ್ಳಿ ಕತ್ತರಿಸುವ ಮುಂಚೆ ಒಂದು ಸಣ್ಣ ಹೊತ್ತು ಇರುತ್ತದೆ. ಕೂಸು ಹೊರಗೆ ಬಂದು ಅತ್ತಿರುತ್ತದೆ, ಆದರೆ ಬಳ್ಳಿ ಇನ್ನೂ ಮಿಡಿಯುತ್ತಿರುತ್ತದೆ. ನಮ್ಮ ಕಡೆ ‘ಕಸ’ ಎಂದು ಕರೆಯುವ ಮಾಸಿನಲ್ಲಿ ಉಳಿದ ರಕ್ತ ಆ ಹೊತ್ತಿನಲ್ಲಿ ಬಳ್ಳಿಯೊಳಗಿಂದ ಹರಿದು ಕೂಸಿನ ಮೈ ಸೇರುತ್ತದೆ. ಮಿಡಿತ ನಿಂತ ಮೇಲೆ ಬಳ್ಳಿ ಬೆಳ್ಳಗಾಗಿ ಜೋತುಬೀಳುತ್ತದೆ. ಆಗ ಕತ್ತರಿಸಬೇಕು. ನನ್ನ ಸಿಟ್ಟೆಲ್ಲ ಆ ಸಣ್ಣ ಹೊತ್ತಿನದು.

ನಾನು ಶರಣಮ್ಮ. ದುಡಿದದ್ದೆಲ್ಲ ಹೆರಿಗೆ ಕೋಣೆಯಲ್ಲಿ. ಮೊದಲು ಹುಣಸಗಿಯ ಸರಕಾರಿ ದವಾಖಾನೆಯಲ್ಲಿ, ಆಮೇಲೆ ನಿವೃತ್ತಿಯ ತನಕ ಶಹಾಪುರದ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯಲ್ಲಿ. ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರುವ ಹುಡುಗಿಯರು ಈಗಲೂ ಮನೆಗೆ ಬರುತ್ತಾರೆ. ಪಗಾರ, ರಜೆ, ಬಡ್ತಿ ವಿಚಾರಿಸುತ್ತಾರೆ. ಅದನ್ನೆಲ್ಲ ಹೇಳುವವರು ಊರ ತುಂಬ ಇದ್ದಾರೆ. ನಾನು ಹೇಳಬೇಕಾದದ್ದು ಬೇರೆ.

ಹುಣಸಗಿಯಲ್ಲಿ ನನ್ನ ಮೇಲಿನವರು ಕಮಲಾಬಾಯಿ ಎಂಬ ಹಿರಿಯ ಸಿಸ್ಟರ್. ಅವರಿಗೆ ಚುರುಕುತನವೇ ದೇವರು. ಕೂಸಿನ ತಲೆ ಕಂಡಾಗಲೇ ಕತ್ತರಿ ಕೈಯಲ್ಲಿರಬೇಕು. “ಏನ್ ಮಾರಿ ನೋಡ್ಕೋತ ನಿಂತೀಯವ್ವ, ಜಲ್ದಿ ಕತ್ತರಿಸು” ಎಂದು ಬೆನ್ನ ಮೇಲೆ ಗುದ್ದುವರು. ಆ ಕಾಲದಲ್ಲಿ ಎಲ್ಲ ಕಡೆಯೂ ಹಾಗೇ ಕಲಿಸುತ್ತಿದ್ದರು. ಕಾಯುವುದು ಸೋಮಾರಿತನ ಎಂಬ ಲೆಕ್ಕ.

ಅವರ ಚುರುಕುತನ ಒಮ್ಮೆ ಅವರನ್ನೇ ಸಿಕ್ಕಿಸಿತು. ಆಗ ಹೆರಿಗೆಯಾದ ಮನೆಯವರು ಕಸವನ್ನು ಮಣ್ಣಿನ ಕುಡಿಕೆಯಲ್ಲಿ ಕೇಳಿ ಒಯ್ದು ತಮ್ಮ ಹಿತ್ತಲಲ್ಲಿ ಹೂಳುತ್ತಿದ್ದರು. ಒಂದು ದಿನ ಮುಂಜಾನೆ ಎರಡು ಹೆರಿಗೆ ಒಟ್ಟಿಗೇ ಆದವು, ಒಂದು ಹುಣಸಗಿಯವರದೇ, ಇನ್ನೊಂದು ಬೋನಾಳದವರದು. ಅವಸರದಲ್ಲಿ ಕಮಲಾಬಾಯಿ ಕುಡಿಕೆ ಅದಲುಬದಲು ಕೊಟ್ಟುಬಿಟ್ಟರು. ದವಾಖಾನೆಯ ಆಯಾ ಗುರುತಿಗೆಂದು ಕುಡಿಕೆಗೆ ಕಟ್ಟಿದ್ದ ಅರಿವೆಯ ಬಣ್ಣ ನೆನೆಸಿ ಹೇಳಿ ತಪ್ಪು ಗೊತ್ತಾಗುವ ಹೊತ್ತಿಗೆ ಬೋನಾಳದವರು ಸುರಪುರದ ಬಸ್ಸು ಹತ್ತಿಯಾಗಿತ್ತು. ಹುಣಸಗಿಯವರು ಹೂಳಿಯೂ ಆಗಿತ್ತು. ಸುದ್ದಿ ಮುಟ್ಟಿದ ಮೇಲೆ ಬೋನಾಳದ ಅಜ್ಜಿ ಕುಡಿಕೆ ಸೆರಗಿನಲ್ಲಿ ಮುಚ್ಚಿಕೊಂಡು ಮರುದಿನವೇ ಬಂದಳು.

“ನಮ್ ಕೂಸಿಂದು ಮಂದಿ ಹಿತ್ತಲದಾಗ ಯಾಕಿರಬೇಕವ್ವ?” ಎಂದಳು. “ಅವರದು ಅವರಿಗಿ ಕೊಡ್ರಿ, ನಮ್ದು ನಮಗ ಕೊಡ್ರಿ.”

ಹುಣಸಗಿಯವರು ಗುದ್ದಲಿ ಹಿಡಿದು ತಮ್ಮ ಹಿತ್ತಲು ಅಗೆದರು. ಯಾರಿಗೂ ತಲೆಬಾಗದ ಕಮಲಾಬಾಯಿ ಎರಡೂ ಮನೆಯವರಿಗೆ ಕೈಮುಗಿದು ನಿಂತಿದ್ದರು. ನಾವೆಲ್ಲ ಮರೆಗೆ ಹೋಗಿ ನಕ್ಕೆವು. ಕೂಸಿನ ಜೊತೆ ಬಂದದ್ದು ಕೂಸಿನದು ಎಂಬುದನ್ನು ಆ ಜನಕ್ಕೆ ಯಾರೂ ಕಲಿಸಬೇಕಾಗಿರಲಿಲ್ಲ.

ಬಳ್ಳಿ ಕತ್ತರಿಸಲು ಕಾಯಬೇಕು ಎಂದು ನನಗೆ ಕಲಿಸಿದವರು ಶಹಾಪುರದ ಆಸ್ಪತ್ರೆಯ ಒಡತಿ, ನಮ್ಮ ಡಾಕ್ಟರ್ ಮೇಡಂ. ಹೆಸರು ಬರೆಯುವುದಿಲ್ಲ. ಅವರ ಕೈಗುಣ ದೊಡ್ಡದು. ಅಡ್ಡ ಸಿಕ್ಕ ಕೂಸನ್ನು ಅವರು ತಿರುಗಿಸಿ ತೆಗೆಯುವುದನ್ನು ನೋಡಿದವರು ಮರೆಯಲಾರರು. ಹೊಸ ಪದ್ಧತಿ ಬಂತೆಂದರೆ ಮೊದಲು ತಾವು ಓದಿ, ಆಮೇಲೆ ನಮ್ಮನ್ನೆಲ್ಲ ನಿಲ್ಲಿಸಿ ಹೇಳುವರು. ನಮ್ಮ ಕಡೆ ಹೆರಿಗೆಗೆ ಬರುವ ಹೆಂಗಸರಲ್ಲಿ ರಕ್ತ ಸಾಲದವರೇ ಹೆಚ್ಚು. ಹತ್ತಿ ಬಿಡಿಸಿ, ಮೆಣಸಿನಕಾಯಿ ಹೊಲದಲ್ಲಿ ಬಗ್ಗಿ, ಉಂಡದ್ದು ಅರ್ಧ, ದುಡಿದದ್ದು ಇಮ್ಮಡಿ. ಇಂಥ ತಾಯಂದಿರ ಕೂಸಿಗೆ ಆ ಸಣ್ಣ ಹೊತ್ತು ಎಷ್ಟು ದೊಡ್ಡದೆಂದು ಮೇಡಂ ಮತ್ತೆ ಮತ್ತೆ ಹೇಳುತ್ತಿದ್ದರು.

ಒಮ್ಮೆ ಕೂಲಿ ಹೆಂಗಸೊಬ್ಬಳ ಹೆರಿಗೆಯಲ್ಲಿ ಅವಳ ಅತ್ತೆ ಒಳಗೇ ನಿಂತಿದ್ದಳು. ಕೂಸು ಹುಟ್ಟಿದರೂ ಮೇಡಂ ಬಳ್ಳಿಯ ಮೇಲೆ ಎರಡು ಬೆರಳಿಟ್ಟು ಸುಮ್ಮನೆ ಇದ್ದದ್ದು ಕಂಡು ಅವಳಿಗೆ ದಿಗಿಲಾಯಿತು.

“ಯಾಕ್ರಿ ಮೇಡಂ, ಏನರೆ ಆಗ್ಯಾದೇನ್ರಿ? ಕತ್ತರಿಸವಲ್ಲಿರಿ.”

“ಏನೂ ಆಗಿಲ್ಲಮ್ಮ. ನಿನ್ನ ಮೊಮ್ಮಗಳು ತನ್ನ ಗಂಟು ತಾ ತಗೊಳ್ಳಾಕತ್ಯಾಳ. ತಗೊಳ್ಲಿ ಬಿಡು” ಎಂದರು ಮೇಡಂ. ಆಮೇಲೆ ನನ್ನ ಬೆರಳನ್ನೂ ಬಳ್ಳಿಯ ಮೇಲಿಡಿಸಿದರು. ಮಿಡಿತ ಮೆಲ್ಲಗಾಗಿ, ಇನ್ನೂ ಮೆಲ್ಲಗಾಗಿ, ನಿಂತೇಹೋಯಿತು. ಅಷ್ಟರಲ್ಲಿ ಕೂಸಿನ ತುಟಿ ಕೆಂಪಗಾಗಿತ್ತು. ಅಂದಿನಿಂದ ನಮ್ಮ ಹೆರಿಗೆ ಕೋಣೆಯಲ್ಲಿ ಅದೇ ನಿಯಮ. ಕೂಸಿಗೆ ತಕ್ಷಣ ಉಸಿರಾಟದ ಚಿಕಿತ್ಸೆ ಬೇಕಾದರೆ, ತಾಯಿಗೆ ರಕ್ತ ಹೋಗುತ್ತಿದ್ದರೆ ಮಾತ್ರ ಬೇಗ ಕತ್ತರಿಸುವುದು. ಉಳಿದಂತೆ ಕಾಯುವುದು. ಹೊಸ ಹುಡುಗಿ ಅವಸರ ಮಾಡಿದರೆ ಮೇಡಂ ಕಣ್ಣು ಕೆಕ್ಕರಿಸುವರು.

ಇದನ್ನು ಇಷ್ಟು ಬಿಡಿಸಿ ಬರೆಯುವುದಕ್ಕೆ ಕಾರಣವಿದೆ. ಮುಂದೆ ಆದದ್ದು ಗೊತ್ತಿಲ್ಲದೆ ಆದದ್ದಲ್ಲ.

ಆಸ್ಪತ್ರೆಗೆ ಮೇಲಂತಸ್ತು ಕಟ್ಟಿಸುತ್ತಿದ್ದಾಗ ಪ್ರವೀಣ ಎಂಬ ಮನುಷ್ಯ ಬರತೊಡಗಿದ. ಹೊಕ್ಕಳಬಳ್ಳಿಯ ರಕ್ತವನ್ನು ಕೂಡಿಟ್ಟುಕೊಡುವ ಕಂಪನಿಯ ಕಡೆಯವನು. ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ಪೇಢೆ ಡಬ್ಬಿ, ಬಾಯಿ ತುಂಬ ಅಕ್ಕಾ, ತಾಯಿ. ಸ್ವಲ್ಪ ದಿನದಲ್ಲೇ ಬಸಿರಿಯರು ಕೂಡುವ ಹಾಲ್‌ನಲ್ಲಿ ಒಂದು ಟಿ.ವಿ. ಬಂತು. ಅದರಲ್ಲಿ ಬೆಳ್ಳಗಿನ ಕೂಸುಗಳು ನಗುತ್ತಿದ್ದವು. ಟಿ.ವಿ. ಕೆಳಗೆ ಪ್ರವೀಣನ ಕುರ್ಚಿ. ಒಂದೊಂದು ಚೀಲಕ್ಕೆ ಆಸ್ಪತ್ರೆಗೂ ಒಂದು ಪಾಲು ಬರುತ್ತಿತ್ತಂತೆ.

“ನಿಮ್ ಕೂಸಿಂದು ಬಳ್ಳಿ ರಕ್ತ ಸುಮ್ನ ಕಸದಾಗ ಹೋಗ್ತದ್ರಿ” ಎಂದು ಶುರುಮಾಡುವನು. “ನಾವು ಅದನ್ನ ಬ್ಯಾಂಕಿನಾಗ ಇಡ್ತೀವಿ. ನಾಳೆ ಕೂಸಿಗಿ ಕ್ಯಾನ್ಸರ್ ಬರ್ಲಿ, ಸಕ್ರಿ ಬ್ಯಾನಿ ಬರ್ಲಿ, ತಲಸ್ಸೀಮಿಯಾ ಬರ್ಲಿ, ಅದರ ರಕ್ತನೇ ಅದಕ್ಕ ಔಷಧ. ತಂದಿ ಆದವ ಇಷ್ಟರೆ ಮಾಡಬೇಕಲ್ರಿ.”

ಕೊನೆಯ ಮಾತನ್ನು ಗಂಡಸರ ಕಡೆ ನೋಡಿ ಹೇಳುವನು. ಅದು ತಾಗುತ್ತಿತ್ತು.

ತಲಸ್ಸೀಮಿಯಾ ಎಂದರೆ ರಕ್ತ ಸರಿಯಾಗಿ ಹುಟ್ಟದ ರೋಗ, ತಂದೆತಾಯಿಯಿಂದ ಬರುವಂಥದ್ದು. ಆ ಕೂಸಿನ ಮೈಯಲ್ಲಿ ಏನು ದೋಷವಿದೆಯೋ ಅದರ ಬಳ್ಳಿಯ ರಕ್ತದಲ್ಲೂ ಅದೇ ದೋಷವಿರುತ್ತದೆ. ಹುಳ ಹತ್ತಿದ ಜೋಳವನ್ನೇ ಬೀಜಕ್ಕೆಂದು ತೆಗೆದಿಟ್ಟ ಹಾಗೆ. ಇದನ್ನು ನಾನು ಪ್ರವೀಣನ ಮುಂದೆಯೇ ಹೇಳಿದೆ. ಅವನು ನಕ್ಕು, “ಸಿಸ್ಟರ್, ಸೈನ್ಸ್ ಭಾಳ ಮುಂದ ಹೋಗ್ಯಾದ” ಎಂದ. ಬಳ್ಳಿಯ ರಕ್ತದಿಂದ ಉಪಯೋಗವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಕೆಲವು ರಕ್ತದ ರೋಗಗಳಿಗೆ, ಬೇರೆಯವರ ಬಳ್ಳಿಯ ರಕ್ತ ಹೊಂದಿಕೆಯಾದರೆ, ದೊಡ್ಡ ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ಗುಣಪಡಿಸಿದ್ದಾರೆ. ಆ ನಿಜದ ಬೆನ್ನ ಮೇಲೆ ಸುಳ್ಳನ್ನು ಹತ್ತಿಸಿ ಊರೂರು ಮಾರುತ್ತಾರಲ್ಲ, ಅದು ನನಗೆ ಸಹಿಸಲಾಗದ್ದು.

ಕೂಡಿಡುವ ಚಂದವೂ ಕಂಡಿತು. ಹುಣಸಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ ದೇವಿಂದ್ರಪ್ಪ ಎಂಬಾತ ತನ್ನ ಮೊದಲ ಕೂಸಿಗೆ ಇದನ್ನು ಮಾಡಿಸಿದ. ಬೇಸಿಗೆ ಸುಡುತ್ತಿತ್ತು. ರಕ್ತದ ಚೀಲವಿದ್ದ ಡಬ್ಬಿಯನ್ನು ಕಂಪನಿಯ ಆಳು ಅಂದೇ ಯಾದಗಿರಿ ಸ್ಟೇಷನ್ನಿಗೆ ಒಯ್ದು ಹೈದರಾಬಾದಿನ ರೈಲಿಗೆ ಹಾಕಬೇಕಾಗಿತ್ತು. ಮರುದಿನ ನಾನು ಮಧ್ಯಾಹ್ನದ ಪಾಳಿಗೆ ಬರುವಾಗ ಬಸ್ ನಿಲ್ದಾಣದ ಹತ್ತಿರ, ಬಾಗಿಲು ತೆರೆಯದ ಒಂದು ಪಾರ್ಸೆಲ್ ಅಂಗಡಿಯ ಕಟ್ಟೆಯ ಮೇಲೆ, ಅದೇ ಡಬ್ಬಿ ಬಿಸಿಲಲ್ಲಿ ಕೂತಿತ್ತು. ಮೇಲೆ ದೇವಿಂದ್ರಪ್ಪನ ಹೆಂಡತಿಯ ಹೆಸರು ನಾನೇ ಬರೆದದ್ದು. ಕಟ್ಟೆ ಮುಟ್ಟಿದರೆ ಕೈ ಸುಡುತ್ತಿತ್ತು. ಅಲ್ಲಿಂದಲೇ ಪ್ರವೀಣನಿಗೆ ಫೋನ್ ಮಾಡಿದೆ.

“ಏನಾಗಂಗಿಲ್ಲ ಸಿಸ್ಟರ್, ಥರ್ಮಾಕೋಲ್ ಡಬ್ಬಿ ಅದ.”

“ಅದರಾಗಿರೋದು ಜೀವಂತ ಕಣ ಅಂತ ನೀನs ಹೇಳ್ತಿಯಲ್ಲಪ. ಈ ಬಿಸಲಾಗ ನೀ ಒಂದ್ ತಾಸು ಕೂಡು, ನೋಡೋಣ.”

“ನೀವು ಟೆನ್ಷನ್ ತಗೋಬ್ಯಾಡ್ರಿ” ಎಂದು ಫೋನ್ ಇಟ್ಟ.

ಮೇಡಂಗೆ ಹೇಳಿದೆ. ಅವರು ಪ್ರವೀಣನನ್ನು ಕರೆದು ಬೈದರು. ಅವನು ತಲೆತಗ್ಗಿಸಿ ಬೈಸಿಕೊಂಡ. ಅಷ್ಟೇ. ಕೆಲವು ತಿಂಗಳ ಮೇಲೆ ಹುಣಸಗಿಗೆ ಹೋದಾಗ ದೇವಿಂದ್ರಪ್ಪ ಅಂಗಡಿಯೊಳಗೆ ಕರೆದು ಗೋಡೆ ತೋರಿಸಿದ. ದೇವರ ಫೋಟೋಗಳ ಸಾಲಿನಲ್ಲಿ ಕಂಪನಿ ಕಳಿಸಿದ ಬಂಗಾರದ ಅಂಚಿನ ಸರ್ಟಿಫಿಕೇಟ್‌ಗೆ ಕಟ್ಟು ಹಾಕಿಸಿ ಊದಿನಕಡ್ಡಿ ಹಚ್ಚಿದ್ದ. ಡಬ್ಬಿಯ ಸಂಗತಿ ಹೇಳಿದೆ, ಕಣಗಳು ಜೀವಂತ ಇವೆಯೋ ಇಲ್ಲವೋ ಕಂಪನಿಯನ್ನು ಕೇಳು ಎಂದೆ. ಕೇಳಿದನಂತೆ. ಎಲ್ಲ ಚೆನ್ನಾಗಿದೆ ಎಂದರಂತೆ. “ದೊಡ್ ಕಂಪನಿಯವರು ಸುಳ್ಳ ಹೇಳ್ತಾರೇನ್ರಿ ಸಿಸ್ಟರ್?” ಎಂದು ಅವನು ನನ್ನನ್ನೇ ಅನುಮಾನದಿಂದ ನೋಡಿದ.

ಇನ್ನು ಶಬಾನಾಳ ಸಂಗತಿ.

ಅವಳ ಗಂಡ ಖಾಜಾ ಭೀಮರಾಯನಗುಡಿ ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟವನು. ಮೊದಲ ಮಗಳು ಮುಸ್ಕಾನ್‌ಗೆ ತಲಸ್ಸೀಮಿಯಾ. ಆ ಹುಡುಗಿಯನ್ನು ಆಗಾಗ ಕಲಬುರಗಿಗೆ ಕರೆದೊಯ್ದು ರಕ್ತ ಹಾಕಿಸಿಕೊಂಡು ಬರಬೇಕು. ರಕ್ತ ಹಾಕಿಸಿದ ವಾರ ಓಡಾಡುತ್ತಾಳೆ, ಆಮೇಲೆ ಮುಖ ಹಳದಿಗಟ್ಟಿ ಸುಸ್ತಾಗಿ ಗೋಡೆಗೆ ಒರಗುತ್ತಾಳೆ, ಮತ್ತೆ ಬಸ್ಸು. ಶಬಾನಾ ಎರಡನೆಯದಕ್ಕೆ ಬಸಿರಾಗಿ ನಮ್ಮಲ್ಲಿಗೆ ತೋರಿಸಲು ಬಂದಾಗ ಮುಸ್ಕಾನ್ ಅವಳ ತೊಡೆಯ ಮೇಲೆ ಮಲಗಿದ್ದಳು. ಪ್ರವೀಣನ ಕಣ್ಣು ಆ ಮಗುವಿನ ಮೇಲೆ ಬಿತ್ತು.

“ಅಲ್ಲಾನs ನಿಮ್ಮನ್ನ ಇಲ್ಲಿ ಕಳಸ್ಯಾನ ತಾಯಿ” ಎಂದ. “ಹೊಟ್ಯಾಗಿನ ಕೂಸಿನ ರಕ್ತ ಇಟ್ಟಿರಿ ಅಂದ್ರ ಈ ಹುಡುಗಿಗಿ ಮತ್ತ ಸೂಜಿ ಚುಚ್ಚೂದು ಇಲ್ಲ. ಗ್ಯಾರಂಟಿ.”

ಒಡಹುಟ್ಟಿದ ಕೂಸಿನ ಬಳ್ಳಿಯ ರಕ್ತ ಅಕ್ಕನಿಗೆ ಒದಗುವ ಸಾಧ್ಯತೆ ನಿಜವಾಗಿಯೂ ಇದೆ. ಆದರೆ ಹೊಂದಿಕೆಯಾಗಬೇಕು, ಕೂಸಿಗೆ ಅದೇ ರೋಗ ಇರಬಾರದು, ಸಾಕಷ್ಟು ರಕ್ತ ಸಿಗಬೇಕು. ಒಡಹುಟ್ಟಿದವರಲ್ಲೂ ಹೊಂದಿಕೆಯಾಗದಿರುವುದೇ ಹೆಚ್ಚು. ಕಲಬುರಗಿಯಲ್ಲಿ ಮುಸ್ಕಾನ್‌ಗೆ ಚಿಕಿತ್ಸೆ ಕೊಡುವ ಡಾಕ್ಟರನ್ನು ಮೊದಲು ಕೇಳಬೇಕಿತ್ತು. ಯಾರೂ ಕೇಳಲಿಲ್ಲ. ನಾನು ಶಬಾನಾಳಿಗೆ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು.

“ಸಿಸ್ಟರಕ್ಕ, ನಿಮ್ ಮಾತು ಖರೇ ಇರಬೌದು. ಆದ್ರ ಅವ ಗ್ಯಾರಂಟಿ ಅಂತಾನ, ನೀವು ಇರಬೌದು ಅಂತೀರಿ. ನಾ ತಾಯಿ ಇದೀನಿ. ಯಾರ ಮಾತ ಹಿಡೀಲಿ ಹೇಳ್ರಿ.”

ಖಾಜಾ ಹೊಸದಾಗಿ ಕೊಂಡಿದ್ದ ವೆಲ್ಡಿಂಗ್ ಮಷಿನ್ ಮಾರಿ ಕಂಪನಿಗೆ ಕಟ್ಟಿದ.

ಹೆರಿಗೆ ದಿನಕ್ಕಿಂತ ಮೊದಲೇ ಬಂತು. ಮಧ್ಯಾಹ್ನ. ಶಬಾನಾಳಿಗೆ ಮೊದಲೇ ರಕ್ತ ಕಡಿಮೆ. ಗಂಡು ಕೂಸು, ಸಣ್ಣದು, ಬಿಳಿಚಿಕೊಂಡಿತ್ತು, ಆದರೆ ಉಸಿರಾಡಿತು, ಕ್ಷೀಣವಾಗಿ ಅತ್ತಿತು. ನಮ್ಮ ನಿಯಮದ ಪ್ರಕಾರ ಕಾಯಲೇಬೇಕಾದ ಕೂಸು ಯಾವುದಾದರೂ ಇದ್ದರೆ ಅದು ಇಂಥದ್ದೇ. ನಾನು ಬಟ್ಟೆ ಬೆಚ್ಚಗೆ ಮಾಡಿಕೊಂಡು ನಿಂತೆ. ಪಕ್ಕದಲ್ಲಿ ಕಂಪನಿಯ ಹುಡುಗಿ ಚೀಲ ಬಿಚ್ಚಿ, ಸೂಜಿ ಹಿಡಿದು ತಯಾರಿದ್ದಳು.

“ಕ್ಲ್ಯಾಂಪ್” ಎಂದರು ಮೇಡಂ, ಬಳ್ಳಿ ಬಿಗಿಯುವ ಇಕ್ಕಳಕ್ಕೆ ಕೈಚಾಚಿ.

“ಮೇಡಂ, ಇನ್ನಾ ಮಿಡಿಯಾಕತ್ತದ” ಎಂದೆ.

“ಗೊತ್ತದ ಸಿಸ್ಟರ್. ಕಾದ್ರ ಚೀಲದಾಗ ಏನೂ ಬರಂಗಿಲ್ಲ.”

“ಕೂಸು ಭಾಳ ಸಣ್ಣದದ ಮೇಡಂ.”

ಅವರು ನನ್ನ ಮುಖ ನೋಡಲಿಲ್ಲ. ತಟ್ಟೆಯಿಂದ ಕ್ಲ್ಯಾಂಪನ್ನು ತಾವೇ ತೆಗೆದುಕೊಂಡು ಹಾಕಿ ಕತ್ತರಿಸಿದರು. ಕೂಸನ್ನು ನನ್ನ ಕೈಗಿಟ್ಟರು. ನಾನು ಅದನ್ನು ಒರೆಸುತ್ತಿದ್ದಾಗ ಆ ಹುಡುಗಿ ಬಳ್ಳಿಯನ್ನು ಮೇಲಿನಿಂದ ಕೆಳಗೆ ಹಿಂಡಿ ಹಿಂಡಿ ಚೀಲಕ್ಕೆ ಇಳಿಸುತ್ತಿದ್ದಳು. ಆ ಸದ್ದಿಲ್ಲದ ಕೆಲಸ ಈಗಲೂ ಕಣ್ಣಿಗೆ ಕಟ್ಟಿದೆ. ಇಷ್ಟೆಲ್ಲ ಮಾಡಿದರೂ ಚೀಲದ ತಳ ಮಾತ್ರ ತುಂಬಿತು. ಸಣ್ಣ ಕೂಸಿನ ಸಣ್ಣ ಬಳ್ಳಿಯಲ್ಲಿ ಎಷ್ಟು ಇರುತ್ತದೆ?

ಕೂಸನ್ನು ಅಂದೇ ಕಲಬುರಗಿಗೆ ಸಾಗಿಸಬೇಕಾಯಿತು. ಅಲ್ಲಿ ಅದಕ್ಕೆ ರಕ್ತ ಹಾಕಿದರು. ಹೆಸರು ಅಯಾನ್ ಎಂದಿಟ್ಟರು. ಬದುಕಿಕೊಂಡ, ಆದರೆ ಮೊದಲ ವರ್ಷವೆಲ್ಲ ಔಷಧ, ರಕ್ತ ಹೆಚ್ಚಿಸುವ ಹನಿ, ದವಾಖಾನೆ. ಬಳ್ಳಿ ಬೇಗ ಕತ್ತರಿಸಿದ್ದರಿಂದಲೇ ಹೀಗಾಯಿತು ಎಂದು ನಾನು ಆಣೆ ಮಾಡಲಾರೆ. ದಿನ ತುಂಬದೆ ಹುಟ್ಟಿದ ಕೂಸು, ಹೇಗೂ ಕಷ್ಟಪಡುತ್ತಿತ್ತೇನೋ. ಆದರೆ ತನ್ನದಾಗಿದ್ದ ರಕ್ತವನ್ನು ಇವರು ಹಿಂಡಿ ಚೀಲಕ್ಕೆ ಹಾಕಿಕೊಂಡರು, ಆಮೇಲೆ ಅದೇ ಕೂಸಿಗೆ ಬೇರೆಯವರ ರಕ್ತ ಹಾಕಿಸಬೇಕಾಯಿತು. ಇದನ್ನು ಯಾವ ಭಾಷೆಯಲ್ಲಿ ಹೇಳಿದರೂ ಸರಿಯಾಗಿ ಕೇಳಿಸುವುದಿಲ್ಲ.

ಮರುದಿನ ಮೇಡಂ ಕೋಣೆಗೆ ಹೋಗಿ ಕೇಳಿದೆ. “ಆ ಹುಡುಗಿಗಿ ಉಪಯೋಗ ಆಗ್ಲಿ ಅಂತ ಮಾಡಿದೆ ಸಿಸ್ಟರ್” ಎಂದರು. ಮಾತಿನಲ್ಲಿ ಬಲವಿರಲಿಲ್ಲ. ಆ ಹುಡುಗಿಯ ಡಾಕ್ಟರಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತಲ್ಲ ಎಂದೆ. “ನಿಮಗ ಆಸ್ಪತ್ರೆ ನಡಸೋದು ಗೊತ್ತಿಲ್ಲ” ಎಂದರು. ಮೇಲಂತಸ್ತಿನಲ್ಲಿ ಕಲ್ಲು ಕೊರೆಯುವ ಸದ್ದಿಗೆ ಮುಂದಿನ ಮಾತು ಕೇಳಿಸಲಿಲ್ಲ. ನಾನೂ ಕೇಳಿಸಿಕೊಳ್ಳಲು ನಿಲ್ಲಲಿಲ್ಲ.

ಅಯಾನ್ ಸ್ವಲ್ಪ ಗಟ್ಟಿಯಾದ ಮೇಲೆ ಖಾಜಾ ಮತ್ತು ಶಬಾನಾ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋದರು, ಕೂಡಿಟ್ಟ ರಕ್ತದಿಂದ ಮುಸ್ಕಾನ್‌ಗೆ ಚಿಕಿತ್ಸೆ ಮಾಡಿಸಲು. ಅಲ್ಲಿ ಪರೀಕ್ಷೆ ಮಾಡಿದರು. ತಮ್ಮನದು ಅಕ್ಕನಿಗೆ ಹೊಂದುವುದಿಲ್ಲ. ಹೊಂದಿದ್ದರೂ ಚೀಲದಲ್ಲಿದ್ದದ್ದು ಏನಕ್ಕೂ ಸಾಲುತ್ತಿರಲಿಲ್ಲ. ಅಲ್ಲಿಯ ಡಾಕ್ಟರು, “ಇದನ್ನು ಮೊದಲೇ ಯಾರೂ ಹೇಳಲಿಲ್ಲವೇ?” ಎಂದು ಕೇಳಿದರಂತೆ. ಊರಿಗೆ ಬಂದು ಖಾಜಾ ಪ್ರವೀಣನನ್ನು ಹಿಡಿದ. “ರಕ್ತ ಇಡೋದಷ್ಟೇ ನಮ್ ಕೆಲಸ. ಅದು ಉಪಯೋಗಕ್ಕ ಬರ್ತದ ಅಂತ ಕಂಪನಿ ಎಲ್ಯೂ ಬರಕೊಟ್ಟಿಲ್ಲ” ಎಂದನಂತೆ ಗ್ಯಾರಂಟಿಯ ಮನುಷ್ಯ.

ಖಾಜಾ ಮಾತು ಕಡಿಮೆಯವನು. ಮನೆಗೆ ಹೋಗಿ ಸುಮ್ಮನಾದ. ಶಬಾನಾ ಸುಮ್ಮನಾಗಲಿಲ್ಲ.

ಬಸಿರಿಯರು ಹೆಚ್ಚು ಬರುವ ದಿನ ಅವಳು ಮುಸ್ಕಾನ್‌ಳನ್ನು ಕರೆದುಕೊಂಡು, ಅಯಾನ್‌ನನ್ನು ಎತ್ತಿಕೊಂಡು ಬಂದು ಹಾಲ್‌ನಲ್ಲಿ ಹೆಂಗಸರ ನಡುವೆ ಕೂತಳು. ಮುಸ್ಕಾನ್‌ಳ ಕೈಯಲ್ಲಿ ಸೂಜಿ ಹಾಕಿದ ಜಾಗಕ್ಕೆ ಹತ್ತಿ ಅಂಟಿಸಿತ್ತು. ಪ್ರವೀಣ ಮಾತು ಶುರುಮಾಡಿದ ಕೂಡಲೇ ಶಬಾನಾ ಪಕ್ಕದವಳ ಕಡೆ ತಿರುಗಿ, ದನಿ ಏರಿಸದೆ, ತನಗಾದದ್ದನ್ನು ಹೇಳತೊಡಗಿದಳು. ಕನ್ನಡದವರಿಗೆ ಕನ್ನಡದಲ್ಲಿ, ತಮ್ಮವರಿಗೆ ದಖ್ಖನಿಯಲ್ಲಿ. ಒಬ್ಬಳಿಗೆ ಹೇಳಿ ಮುಗಿದರೆ ಎದ್ದು ಇನ್ನೊಬ್ಬಳ ಪಕ್ಕ ಕೂರುವಳು. ಮುಂದಿನ ವಾರವೂ ಬಂದಳು. ಅದರ ಮುಂದಿನ ವಾರವೂ. ಹೆಂಗಸರು ಪ್ರವೀಣನ ಕಡೆ ಬೆನ್ನು ಮಾಡಿ ಅವಳ ಸುತ್ತ ಕೂಡತೊಡಗಿದರು.

ಅವಳನ್ನು ಹೊರಗೆ ಕಳಿಸಿ ಎಂದು ಮೇಡಂ ನನಗೆ ಹೇಳಿಕಳಿಸಿದರು. “ನನ್ನ ಕಡಿಂದ ಆಗಂಗಿಲ್ಲ” ಎಂದೆ. ಕಡೆಗೆ ಅವರೇ ಬಂದರು.

“ಶಬಾನಾ, ಇಲ್ಲಿ ಪೇಷಂಟ್‌ಗಳಿಗಿ ತೊಂದ್ರಿ ಆಗಾಕತ್ತದ. ಒಳಗ ಬಾ, ಮಾತಾಡೋಣ.”

“ಒಳಗ ಬ್ಯಾಡ್ರಿ ಮೇಡಂ. ಒಳಗ ಆಡಿದ ಮಾತು ಒಳಗೇ ಉಳೀತಾವ” ಎಂದಳು ಶಬಾನಾ, ಕೂತಲ್ಲಿಂದಲೇ. “ನಾ ಹೇಳಿದ್ರಾಗ ಸುಳ್ಳು ಯಾವ್ದದ ಇಲ್ಲೇ ಹೇಳ್ರಿ. ಒಂದ್ ಮಾತು ಸುಳ್ಳಿದ್ರ ಎದ್ದು ಹೋಗ್ತೀನಿ.”

ಹಾಲ್ ತುಂಬ ಹೆಂಗಸರು. ಟಿ.ವಿ.ಯಲ್ಲಿ ಕೂಸುಗಳು ನಗುತ್ತಿದ್ದವು. ಮೇಡಂ ಬಗ್ಗಿ ಮುಸ್ಕಾನ್‌ಳ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದರು, ಡಾಕ್ಟರು ನೋಡುವ ಹಾಗೆ. ಅಯಾನ್‌ನ ಅಂಗೈ ಬಿಡಿಸಿ ನೋಡಿದರು. ಎದ್ದು ಒಳಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಟಿ.ವಿ. ಬಂದ್ ಆಗಿತ್ತು. ಆ ವಾರದೊಳಗೆ ಪ್ರವೀಣನ ಕುರ್ಚಿಯೂ ಇರಲಿಲ್ಲ. ಹೆರಿಗೆ ಕೋಣೆಯಲ್ಲಿ ಮೇಡಂ ಮತ್ತೆ ಬಳ್ಳಿಯ ಮೇಲೆ ಬೆರಳಿಟ್ಟು ಕಾಯತೊಡಗಿದರು.

ಆದರೆ ಶಬಾನಾಳಿಗೆ ‘ತಪ್ಪಾಯಿತು’ ಎಂಬ ಒಂದು ಮಾತನ್ನು ಅವರು ಇಂದಿನವರೆಗೂ ಹೇಳಿಲ್ಲ. ನನ್ನ ಬೀಳ್ಕೊಡುಗೆಯ ದಿನ ಶಾಲು ಹೊದಿಸಿ ಹೊಗಳಿದರು. ಅವರ ಕೈಗೆ ನಾನು ಈಗಲೂ ಗೌರವ ಕೊಡುತ್ತೇನೆ. ಗೊತ್ತಿದ್ದೂ ಮಾಡಿದರಲ್ಲ ಎಂಬ ಸಿಟ್ಟು ಮಾತ್ರ ಇಳಿದಿಲ್ಲ. ಪ್ರವೀಣನಿಗೆ ಏನೂ ಆಗಲಿಲ್ಲ. ಶಹಾಪುರ ಬಿಟ್ಟರೆ ಯಾದಗಿರಿ ಇದೆ. ಅಲ್ಲಿ ಇನ್ನೊಂದು ಹಾಲ್, ಇನ್ನೊಂದು ಟಿ.ವಿ. ಈಗ ಕಾರಿನಲ್ಲಿ ಓಡಾಡುತ್ತಾನೆ, ಕಂಡರೆ ಕೈಮುಗಿಯುತ್ತಾನೆ. ನಾನು ಮುಖ ತಿರುಗಿಸುತ್ತೇನೆ.

ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರೇ, ನಾಳೆ ನಿಮ್ಮ ಹಾಲ್‌ನಲ್ಲೂ ಅಂಥ ಕುರ್ಚಿ ಬರುತ್ತದೆ. ಮನೆಯಲ್ಲಿ ರೋಗವಿರುವ ಮಗು ಇದ್ದರೆ ಮೊದಲು ಆ ಮಗುವಿನ ಡಾಕ್ಟರನ್ನು ಕೇಳಿ ಎಂದು ಹೇಳಿರಿ. ಇಲ್ಲದಿದ್ದರೆ ಬಳ್ಳಿಯ ಮಿಡಿತ ನಿಲ್ಲುವ ತನಕ ಬಿಡಿರಿ, ಅದಕ್ಕಿಂತ ಒಳ್ಳೆಯ ಬ್ಯಾಂಕು ಕೂಸಿಗೆ ಬೇರೆ ಇಲ್ಲ. ಮೇಲಿನವರು ಸಿಟ್ಟಾಗುತ್ತಾರೆ. ಆಗಲಿ.

ಮುಸ್ಕಾನ್ ಈಗ ಶಾಲೆಗೆ ಹೋಗುತ್ತಾಳೆ. ರಕ್ತ ಹಾಕಿಸುವುದು ನಿಂತಿಲ್ಲ. ಶಬಾನಾ ಅಂಥ ಮಕ್ಕಳಿರುವ ಇನ್ನಷ್ಟು ತಾಯಂದಿರನ್ನು ಹುಡುಕಿದ್ದಾಳೆ, ಶಹಾಪುರದಲ್ಲಿ, ಸುರಪುರದಲ್ಲಿ, ಹತ್ತಿಕುಣಿಯಲ್ಲೂ ಒಬ್ಬಳಿದ್ದಾಳೆ. ಎಲ್ಲರೂ ಸೇರಿ ಕಲಬುರಗಿಯಿಂದ ರಕ್ತ ಸಂಗ್ರಹಿಸುವವರನ್ನು ಕರೆಸಿ ಶಾಲೆಯ ಕೋಣೆಯೊಂದರಲ್ಲಿ ರಕ್ತದಾನ ಏರ್ಪಡಿಸುತ್ತಾರೆ. ಖಾಜಾ ಆಟೋ ಸ್ಟ್ಯಾಂಡಿನವರನ್ನು, ಗ್ಯಾರೇಜಿನವರನ್ನು, ಹಮಾಲರನ್ನು ಕರೆತರುತ್ತಾನೆ. ನಾನೂ ಹೋಗಿ ರಕ್ತದೊತ್ತಡ ನೋಡುತ್ತೇನೆ.

ಹೋದ ಸಲ ಹತ್ತಿ ಮಿಲ್ಲಿನ ಹಮಾಲನೊಬ್ಬ ಬಂದ. ಮೂಟೆ ಹೊತ್ತು ಗಟ್ಟಿಯಾದ ತೋಳು, ತಲೆಗೂದಲಲ್ಲಿ ಹತ್ತಿಯ ಎಳೆ. ಸೂಜಿ ನೋಡಿ ಸ್ವಲ್ಪ ಹಿಂಜರಿದ.

“ಅಕ್ಕಾರ, ಇದು ಖಾಜಾಭಾಯಿ ಮಗಳಿಗೇ ಹೋಗ್ತದೇನ್ರಿ?”

“ಹೇಳಾಕ ಬರಂಗಿಲ್ಲಪ. ಯಾರಿಗಿ ಕೂಡ್ತದೋ ಅವರಿಗಿ ಹೋಗ್ತದ.”

ಅವನು ಮಂಚದ ಮೇಲೆ ಅಡ್ಡಾಗಿ ತೋಳು ಚಾಚಿದ.

“ಯಾರಿಗರೆ ಹೋಗ್ಲಿ ಬಿಡ್ರಿ” ಎಂದ. “ಹಚ್ರಿ.”